ಕಣಿವೆಗೆ ಅಂಜುವ ಸ್ವೇಲಿಂ

ಮದುವೆಯಾಗಿ ಸಿನಾಯ್ ಬೆಟ್ಟಗಳಿಗೆ ಬಂದ ದಿನವೇ ಹಮ್ದಾ ಊರವರ ಬಾಯಲ್ಲಿ ಸ್ವೇಲಿಂನ ಹೆಸರು ಕೇಳಿದ್ದಳು: "ದಾರಿ ತೋರಿಸೋ ಸ್ವೇಲಿಂ ಜೊತೆ ಹೋದೋರು ಯಾರೂ ಸತ್ತಿಲ್ಲ, ಹೆದರಿ ಅರ್ಧ ಸತ್ತಿರ್ತಾರೆ ಅಷ್ಟೇ!" ಅವಳು ವಿಧವೆಯಾಗಿ, ಇಕ್ಕಟ್ಟು ಕಣಿವೆಯ ಬಾಯಲ್ಲಿ ಪ್ರವಾಸಿಗಳಿಗೆ ರೊಟ್ಟಿ ಸುಡುತ್ತ ಮುದುಕಿಯಾದರೂ ಅವನ ಅಂಜಿಕೆ ಇಳಿಯಲಿಲ್ಲ. ಆಕಾಶ ಶುಭ್ರವಾಗಿದ್ದರೂ, ಅಲ್ಲಿ ಮಳೆಯಾದರೆ ಇಲ್ಲಿನ ಒಣ ಕಣಿವೆಗೆ ಪ್ರವಾಹ ನುಗ್ಗುತ್ತದೆಂದು ದೂರದ ಬೆಟ್ಟದ ನೆತ್ತಿ ನೋಡಿ ಗೊಣಗುತ್ತಿದ್ದ. ಕಣಿವೆಯ ಮರಳಿನಲ್ಲಿ ಯಾರಾದರೂ ಕಾಲು ಚಾಚಿದರೆ, "ಏಳಪ್ಪಾ, ಅದು ಪ್ರವಾಹದ ಹಾಸಿಗೆ, ಯಜಮಾನ ಬಂದ್ರೆ ಎಬ್ಬಿಸಲ್ಲ, ಹೊತ್ಕೊಂಡೇ ಹೋಗ್ತಾನೆ" ಎಂದು ಬಂಡೆ ಹತ್ತಿಸುತ್ತಿದ್ದ. ಒಳಗೆ ಹಾಡುವಂತಿರಲಿಲ್ಲ, ನೀರು ಬರುವ ಸದ್ದು ಕೇಳಿಸಬೇಕಲ್ಲ! "ಹೆಂಡ್ತಿಗೂ ಇಷ್ಟು ಹೆದರಲ್ಲವಲ್ಲೋ ಸ್ವೇಲಿಮಣ್ಣಾ" ಎಂದು ಹಮ್ದಾ ಕೆಣಕಿದರೆ, "ಅವಳು ಗುಡುಗಿ ಹೊಡೀತಾಳೆ ತಂಗೀ, ಈ ಕಣಿವೆ ಗುಡುಗದೇನೇ ಹೊಡಿಯುತ್ತೆ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಆ ದೂರದ ಬೆಟ್ಟ ಸಣ್ಣಗೆ ಗುಡುಗಿತು. ಪ್ರವಾಸಿಗಳೂ ಆಡುಗಳೂ ತಿರುಗಿ ನೋಡಿದರು. ಸ್ವೇಲಿಂ ಮಾತ್ರ ಚಹಾಕ್ಕೆ ಸಕ್ಕರೆ ಕದಡುತ್ತಲೇ ಇದ್ದ. ಇವನ ಕಿವಿ ಹೋಗಿದೆ ಎಂದು ಹೊಳೆದು ಹಮ್ದಾ ರೊಟ್ಟಿ ತಿರುವುವುದನ್ನು ಬಿಟ್ಟು ಅವನನ್ನೇ ನೋಡಿದಳು. ಅವಳ ಮುಖ ನೋಡಿ ಅವನಿಗೂ ತಿಳಿಯಿತು. ಅಂದು ಒಳಗೆ ಹೋಗಲಿಲ್ಲ. ಮರುದಿನ ಪ್ರವಾಸಿಗಳನ್ನು ಕಣಿವೆಯೊಳಕ್ಕೆ ಕರೆದೊಯ್ಯುವ ಮುನ್ನ ಅವಳ ಒಲೆಯ ಬಳಿ ಬಾಗಿ ಮೆಲ್ಲಗೆ ಕೇಳಿಕೊಂಡ: "ಆ ಬೆಟ್ಟದ ಮೇಲೆ ಮೋಡ ಕಪ್ಪಾದ್ರೆ ಕೂಗ್ಬೇಡ ತಂಗೀ. ಹಸಿ ಕೊಂಬೆ ಹಾಕಿ ಹೊಗೆ ಎಬ್ಬಿಸು. ನಾನು ತಿರುತಿರುಗಿ ನೋಡ್ತಿರ್ತೀನಿ."