ಬೆಲಾರ್ಮಿನೊನ ಮೂಗು

ಕ್ರಾಟು ಪಟ್ಟಣದಲ್ಲಿ ನಲವತ್ತು ವರ್ಷಗಳ ಕಾಲ ಜನರ ಹಳೆಯ ಫೋಟೊಗಳನ್ನು ದೊಡ್ಡದು ಮಾಡಿ ಕುಂಚದಿಂದ ಬಣ್ಣ ತುಂಬಿದವನು ನಾನು. ಜೀವಮಾನದಲ್ಲಿ ಕೋಟು ಕಾಣದೆ ಸತ್ತವರಿಗೂ ಕೋಟು ತೊಡಿಸಿದ್ದೇನೆ. ಶವಪೆಟ್ಟಿಗೆಯಲ್ಲಿ ಮುಚ್ಚಿದ್ದ ಕಣ್ಣುಗಳನ್ನೂ ತೆರೆಸಿದ್ದೇನೆ. ಇಂಥ ನನಗೆ, ಎವಿಲಾಸಿಯೊ ಮೇಷ್ಟ್ರಿಗೆ, ಕಂಪ್ಯೂಟರಿನಲ್ಲಿ ಒಂದು ಫೋಟೊ ತೆರೆಯಲು ಬರುತ್ತಿರಲಿಲ್ಲ.

"ಫೈಲ್ ಒತ್ತು ಮಾವ, ಆಮೇಲೆ ಓಪನ್ ಒತ್ತು, ಫೋಟೊ ಆರಿಸ್ಕೊ. ಅಷ್ಟೇ," ಎಂದು ಹೇಳಿಕೊಟ್ಟು ಅಕ್ಕನ ಮಗಳು ಜಾಸಿಯಾರಾ ಸಂತೆಗೆ ಹೋದಳು.

ಒತ್ತಿದೆ, ತೆರೆದುಕೊಂಡಿತು. ಎದೆಯುಬ್ಬಿಸಿ ನೋಡಿದರೆ ಪರದೆಯ ತುಂಬ ಮಾಸಲು ಬಣ್ಣ, ನಡುವೆ ಎರಡು ಕಪ್ಪು ಕಲೆ. ಬಣ್ಣ ತುಂಬಲು ಕೊಟ್ಟಿದ್ದ ಜುಲ್ಮೀರಾ ತನ್ನ ಸತ್ತ ಗಂಡ ಬೆಲಾರ್ಮಿನೊನ ಫೋಟೊಗೆ ತೇವ ಹಿಡಿಸಿದ್ದಾಳೆಂದು ಬೈದುಕೊಂಡೆ. ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಊರಲ್ಲಿಲ್ಲ. ಹುಡುಗಿ ಮೊದಲೇ ತೋರಿಸಿಕೊಟ್ಟಿದ್ದ ಕಂಪ್ಯೂಟರ್ ಕುಂಚ ಹಿಡಿದು ಮಧ್ಯಾಹ್ನದವರೆಗೆ ಕೂತು ಎರಡನ್ನೂ ಗುರುತು ಸಿಗದಂತೆ ಮುಚ್ಚಿದೆ.

ಜಾಸಿಯಾರಾ ಹಿಂದಿರುಗಿದಾಗ ಜುಲ್ಮೀರಾಳೂ ಜೊತೆಗಿದ್ದಳು.

"ಇದು ಭಾರಿ ದೊಡ್ಡ ಫೋಟೊ ಮಾವ. ತೆರೆದ ಕೂಡ್ಲೇ ಒಂದು ಚೂರು ಮಾತ್ರ ಕಾಣುತ್ತೆ, ಚಿಕ್ಕದು ಮಾಡ್ಕೊಂಡು ನೋಡ್ಬೇಕು," ಎಂದು ಹುಡುಗಿ ಒಂದು ಗುಂಡಿ ಒತ್ತಿದಳು.

ಬೆಲಾರ್ಮಿನೊ ಪೂರ್ತಿ ಕಾಣಿಸಿದ. ಹುಬ್ಬು ಇತ್ತು, ಮೀಸೆ ಇತ್ತು, ಮೂಗಿಗೆ ಹೊಳ್ಳೆಗಳೇ ಇರಲಿಲ್ಲ.

ನಾನು ಕಾಫಿ ಲೋಟದ ಹಿಂದೆ ಮುಖ ಮರೆಮಾಡಿಕೊಂಡೆ. ಜುಲ್ಮೀರಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಕೋಟು ನೀಲಿದು ಹಾಕಿ ಮೇಷ್ಟ್ರೇ," ಎಂದಳು. "ಮೂಗು ಮಾತ್ರ ಹೀಗೇ ಇರ್ಲಿ. ಮೂವತ್ತು ವರ್ಷ ನನ್ನ ನಿದ್ದೆ ಕೆಡಿಸಿದ್ರು, ಗೋಡೆ ಮೇಲಾದ್ರೂ ಗೊರಕೆ ಹೊಡೀದೆ ಇರ್ಲಿ."