ಹೆರಿಗೆ ಪುಸ್ತಕದಲ್ಲಿ ಮೈಮುನಾಬಿಯ ಹೆಸರಿಲ್ಲ

ಜನವರಿಯ ಕೊನೆಯ ವಾರ. ಕಬ್ಬಿನ ಹಂಗಾಮು ಇನ್ನೂ ಮುಗಿದಿಲ್ಲ. ಗೋಕಾಕದ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮಂಜಿನೊಳಗೆ ದೀಪ ಹಚ್ಚಿಕೊಂಡೇ ಸಾಗುತ್ತಿವೆ. ಅದೇ ರಸ್ತೆಯ ಮೇಲಿರುವ ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಬೆಳಿಗ್ಗೆ ಆರಕ್ಕೆ ಮೈಮುನಾಬಿ ಒಂದು ಡಬರಿ ಬಿಸಿನೀರು ಹಿಡಿದು ಬರುತ್ತಾರೆ.

ಮೂರನೆಯ ಹಾಸಿಗೆಯಲ್ಲಿ ಉದ್ದವ್ವ ಇದ್ದಾಳೆ. ಕಬ್ಬು ಕಡಿಯುವ ಗ್ಯಾಂಗಿನವಳು. ನಿನ್ನೆ ಸಂಜೆ ಕೈಯಲ್ಲಿದ್ದ ಕೊಯ್ತಾ ಕತ್ತಿ ಜಾರಿ ಮೊಣಕಾಲ ಕೆಳಗೆ ಬಡಿದಿದೆ. ಹೊಲಿಗೆ ಹಾಕಿಯಾಗಿದೆ, ಈಗ ಸಲಾಯಿನ್ ಏರಿಸಬೇಕು. ಚಳಿಗೆ ನರ ಒಳಗೆ ಸರಿದುಬಿಟ್ಟಿದೆ. ಕಿರಿಯ ನರ್ಸ್ ಮೇಘಾ ಮೂರು ಕಡೆ ಚುಚ್ಚಿ ನೋಡಿ ಸೋತು ನಿಂತಿದ್ದಾಳೆ.

“ಈ ಹುಡಿಗಿ ನನ್ನ ಕೈನ ಜರಡಿ ಮಾಡ್ಯಾಳ ನೋಡ್ರಿ ನರ್ಸಬಾಯಾರ” ಎಂದು ಉದ್ದವ್ವ ದೂರು ಹೇಳುತ್ತಾಳೆ.

“ಜರಡಿ ಆದ್ರ ಹಿಟ್ಟ ಸಾಣಸಾಕ ಬರ್ತೈತಿ ಬಿಡಬೇ” ಎನ್ನುತ್ತಾಳೆ ಮೇಘಾ.

ಮೈಮುನಾಬಿ ಡಬರಿಯನ್ನು ಹಾಸಿಗೆಯ ಪಕ್ಕಕ್ಕೆ ಇಡುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಉದ್ದವ್ವನ ಮುಂಗೈಗೆ ಸುತ್ತಿ, ಅದರ ಮೇಲೆ ತಮ್ಮ ಕೈ ಇಟ್ಟು ಕೂರುತ್ತಾರೆ. ಯಾವ ಊರಿಂದ ಬಂದಿರಿ, ಗ್ಯಾಂಗಿನಲ್ಲಿ ಎಷ್ಟು ಜನ, ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳುತ್ತಾರೆ. ಎರಡು ನಿಮಿಷವಾದ ಮೇಲೆ ಬಟ್ಟೆ ಬಿಚ್ಚಿ, ಬೆರಳಿನಿಂದ ಒಮ್ಮೆ ತಡವಿ, ಸೂಜಿ ಹಾಕುತ್ತಾರೆ. ಉದ್ದವ್ವ ಇನ್ನೂ ಅಡಿಗೆಯವಳನ್ನು ಬೈಯುತ್ತಲೇ ಇರುತ್ತಾಳೆ. ಸಲಾಯಿನ್ ಹನಿಯತೊಡಗುತ್ತದೆ.

ಮೈಮುನಾಬಿಗೆ ನಲವತ್ತಾರು. ಹುಟ್ಟಿದ್ದು ದಡ್ಡಿಯಲ್ಲಿ, ಕೊಟ್ಟಿದ್ದು ಯಮಕನಮರಡಿಗೆ. ಗಂಡ ನಬಿಲಾಲ ಅಲ್ಲಿ ಹೆದ್ದಾರಿಯ ಬಾಜೂ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾರೆ. ಇವರು ಗೋಕಾಕದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದಾರೆ. ಹದಿನೈದು ದಿನಕ್ಕೊಮ್ಮೆ ಮನೆ ಮುಖ ನೋಡುತ್ತಾರೆ. ಒಂದೂವರೆ ವರ್ಷದ ಎ.ಎನ್.ಎಂ. ನರ್ಸ್ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ್ದು 2002ರಲ್ಲಿ. ಹುಕ್ಕೇರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ, ಆಮೇಲೆ ಮೂಡಲಗಿಯಲ್ಲಿ ನಾಲ್ಕು ಹಂಗಾಮು, ಈಗ ಇಲ್ಲಿ ಎಂಟು ವರ್ಷ. ಪಗಾರ ತಿಂಗಳಿಗೆ ಹದಿಮೂರೂವರೆ ಸಾವಿರ.

ಮೂಡಲಗಿಯ ಕೆಲಸವನ್ನು ಅವರು ವರ್ಷದಲ್ಲಿ ಹೇಳುವುದಿಲ್ಲ, ಹಂಗಾಮಿನಲ್ಲಿ ಹೇಳುತ್ತಾರೆ. “ಕಾರ್ಖಾನಿ ಚಾಲೂ ಆತಂದ್ರ ನರ್ಸ ಬೇಕ್ರಿ ಅವ್ರಿಗೆ. ಟ್ರ್ಯಾಕ್ಟರ್ ಪಲ್ಟಿ, ಕೈಕಾಲ ಕಡಕೊಂಡಾವ್ರು, ಕಬ್ಬಿನ ರವದಿ ಎಲಿ ಕಣ್ಣಾಗ ಹೊಡಸ್ಕೊಂಡಾವ್ರು. ಆವಾಗ ದಿನಕ್ಕ ಐನೂರು ಕೊಟ್ಟ ಕರೀತಾರ. ಕಾರ್ಖಾನಿ ಬಂದ್ ಆದ ಮರುದಿವಸ ‘ಫೋನ್ ಮಾಡ್ತೇವಿ ಬಾಯಾರ’ ಅಂತಾರ. ಮಾಡೂದಿಲ್ಲ.”

ದರ ಊರಿಂದ ಊರಿಗೆ ಹೇಗೆ ಏರುತ್ತದೆ ಎಂಬುದು ಈ ಭಾಗದ ನರ್ಸುಗಳಿಗೆ ಬಸ್ಸಿನ ಟಿಕೇಟಿನ ದರದಷ್ಟೇ ಬಾಯಿಪಾಠ. ಅವರು ಹೇಳುವಂತೆ ಹುಕ್ಕೇರಿಯ ಸಣ್ಣ ಆಸ್ಪತ್ರೆಗಳಲ್ಲಿ ಹೊಸಬರಿಗೆ ಎಂಟು ಒಂಬತ್ತು ಸಾವಿರ, ಗೋಕಾಕದಲ್ಲಿ ಹತ್ತು ಹನ್ನೊಂದು, ಬೆಳಗಾವಿಯಲ್ಲಿ ಹದಿನೈದರ ಮೇಲೆ. ಪುಣೆಗೆ ಹೋದರೆ ಇಪ್ಪತ್ತಾರು ಸಾವಿರ, ಮೇಲೆ ಇರಲು ಖೋಲಿ. ಅನುಭವಕ್ಕೆ ಸಿಗುವ ಬೆಲೆಯೂ ಹಾಗೆಯೇ. ದೊಡ್ಡ ಊರಿನಲ್ಲಿ ಎರಡು ವರ್ಷ ಪಳಗಿದವರನ್ನು ಎಳೆದುಕೊಳ್ಳುತ್ತಾರೆ. ಸಣ್ಣ ಊರಿನಲ್ಲಿ ಇಪ್ಪತ್ತು ವರ್ಷ ಪಳಗಿದವರ ಬಗ್ಗೆ ಮಾಲೀಕರಿಗೆ ಅಂಜಿಕೆ.

“ಹಳೇ ನರ್ಸಂದ್ರ ಪಗಾರ ಏರಸ್ರಿ ಅಂತಾಳ. ಹೊಸಾಕಿ ಅನ್ನೂದಿಲ್ಲ, ಕಲಿಯಾಕ ಬಂದಿರ್ತಾಳ. ಇಲ್ಲಿ ವರ್ಷಕ್ಕ ಐನೂರು ಏರ್ತೈತ್ರಿ, ಅದೂ ದೀಪಾವಳಿ ಮುಂದ ಕೇಳಿದ್ರ. ಮುಗದ ಮ್ಯಾಲ ಕೇಳಿದ್ರ ಮುಂದಿನ ದೀಪಾವಳಿ” ಎನ್ನುತ್ತಾರೆ ಮೈಮುನಾಬಿ.

ಕಲಿಸುವ ಕೆಲಸ ಮೈಮುನಾಬಿಯದು. ಎಂಟು ವರ್ಷದಲ್ಲಿ ಏಳು ಹುಡುಗಿಯರು ಇವರ ಕೈಕೆಳಗೆ ಸೂಜಿ ಹಿಡಿಯುವುದನ್ನು ಕಲಿತು ಹೋಗಿದ್ದಾರೆ. ಒಬ್ಬಳು ಕುವೈತಿನಲ್ಲಿದ್ದಾಳೆ. ಎಂಟನೆಯವಳು ಮೇಘಾ. ತುಕ್ಕಾನಟ್ಟಿಯ ರೈತರ ಮನೆಯ ಹುಡುಗಿ, ಮೂರು ವರ್ಷದ ಜಿ.ಎನ್.ಎಂ. ನರ್ಸಿಂಗ್ ಓದಿದ್ದಾಳೆ, ಮನೆಯಲ್ಲಿ ಮರಾಠಿಯೂ ನಡೆಯುತ್ತದೆ. ಇಲ್ಲಿ ಒಂದೂವರೆ ವರ್ಷ ಮುಗಿಸಿ ಮುಂದಿನ ತಿಂಗಳು ಪುಣೆಗೆ ಹೊರಟಿದ್ದಾಳೆ. ಆಸ್ಪತ್ರೆಯ ಕಚೇರಿಯವರು ಅನುಭವ ಪತ್ರವನ್ನು ಐದು ನಿಮಿಷದಲ್ಲಿ ಪ್ರಿಂಟ್ ತೆಗೆದು ಸಿಕ್ಕಾ ಹೊಡೆದು ಕೊಟ್ಟಿದ್ದಾರೆ.

ಮೈಮುನಾಬಿಗೂ ಈ ವಾರ ಅಂಥದೇ ಒಂದು ಪತ್ರ ಬೇಕಾಗಿದೆ. ಬೆಳಗಾವಿಯ ಹೊಸ ಆಸ್ಪತ್ರೆಯೊಂದು ಹೆರಿಗೆ ವಾರ್ಡು ನೋಡಿಕೊಳ್ಳಲು ಹಿರಿಯ ನರ್ಸನ್ನು ಹುಡುಕುತ್ತಿದೆ. ಬರೀ ಹಗಲಪಾಳಿ, ಮೂವತ್ತು ಸಾವಿರ. ಯಮಕನಮರಡಿಯಿಂದ ಹೆದ್ದಾರಿಯಲ್ಲಿ ನೆಟ್ಟಗೆ ಬಸ್ಸಿದೆ. ದಿನಾ ಸಂಜೆ ಮನೆಗೆ ಮರಳಬಹುದು. ಒಂದೇ ಷರತ್ತು: ಹೆರಿಗೆ ವಾರ್ಡಿನಲ್ಲಿ ಹತ್ತು ವರ್ಷ ದುಡಿದದ್ದಕ್ಕೆ ಕಾಗದ ತೋರಿಸಬೇಕು. ಶನಿವಾರ ಕೊನೆಯ ದಿನ. ಗೋಕಾಕದ ಎಂಟು ವರ್ಷ ಜನರಲ್ ವಾರ್ಡಿನದು, ಅದು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಹುಕ್ಕೇರಿಯ ಹನ್ನೆರಡು ವರ್ಷ. ಆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಬಾಪುಸಾಹೇಬರು 2014ರಲ್ಲಿ ತೀರಿಕೊಂಡರು, ಆಸ್ಪತ್ರೆಯೂ ಅಲ್ಲಿಗೆ ನಿಂತಿತು. ಪಗಾರ ಲಕೋಟೆಯಲ್ಲಿ ಕೈಗೆ ಕೊಡುತ್ತಿದ್ದರು. ಪತ್ರ ಕೇಳಬೇಕೆಂದು ಇವರಿಗೆ ಹೊಳೆದಿರಲಿಲ್ಲ, ಕೊಡಬೇಕೆಂದು ಅವರಿಗೂ ಹೊಳೆದಿರಲಿಲ್ಲ.

ಗುರುವಾರ ವಾರದ ರಜೆ. ಮೈಮುನಾಬಿ ಹುಕ್ಕೇರಿಯ ಬಸ್ಸು ಹತ್ತುತ್ತಾರೆ.

ಡಾಕ್ಟರರ ಆಸ್ಪತ್ರೆ ಇದ್ದ ಮುಂದಿನ ಎರಡು ಕೋಣೆ ಈಗ ಔಷಧ ಅಂಗಡಿ. ಮಗ ವೃಷಭ ನಡೆಸುತ್ತಾನೆ. ಹಿಂದೆ ಮನೆ. ಪಡಸಾಲೆಯಲ್ಲಿ ಡಾಕ್ಟರರ ಹೆಂಡತಿ ಜಿನ್ನವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾರೆ. ಎಪ್ಪತ್ತನಾಲ್ಕು ದಾಟಿದೆ.

“ಏ ಮೈಮುನಾ! ಎಷ್ಟ ವರ್ಷಕ್ಕ ಬಂದಿ. ಭಾಳ ತೆಳ್ಳಗಾಗೀಯಲ್ಲ?”

“ನಾ ಎಲ್ಲಿ ತೆಳ್ಳಗಾಗೇನ್ರಿ ಬಾಯಾರ. ನಿಮ್ಮ ಕಣ್ಣಿನ ಚಾಳೀಸ ಬದಲಿ ಮಾಡಸ್ರಿ.”

ಚಹಾ ಬರುತ್ತದೆ. ಬಂದ ಕೆಲಸ ಕೇಳಿ ವೃಷಭ ಅಂಗಡಿಯ ಹುಡುಗಿಗೆ ದುಡ್ಡಿನ ಗಲ್ಲೆ ಒಪ್ಪಿಸಿ ಒಳಗೆ ಬರುತ್ತಾನೆ. ಅಟ್ಟದಿಂದ ಹೆರಿಗೆ ಪುಸ್ತಕಗಳ ಗಂಟು ಇಳಿಸುತ್ತಾನೆ. ಒಂಬತ್ತು ದಪ್ಪ ಪುಸ್ತಕ. ತಾಯಿಯ ಹೆಸರು, ಊರು, ದಿನ, ಹೊತ್ತು, ಗಂಡೋ ಹೆಣ್ಣೋ, ತೂಕ. ಎಲ್ಲವೂ ಮೈಮುನಾಬಿಯ ಗುಂಡು ಅಕ್ಷರ. ಕೊನೆಯ ಕಾಲಮು ‘ಹೆರಿಗೆ ಮಾಡಿಸಿದವರು’. ಅಲ್ಲಿ ಮೇಲಿಂದ ಕೆಳಗಿನ ತನಕ, ಪುಟದಿಂದ ಪುಟಕ್ಕೆ, ಅದೇ ಗುಂಡು ಅಕ್ಷರದಲ್ಲಿ ಒಂದೇ ಹೆಸರು: ಡಾ. ಬಾಪುಸಾಹೇಬ.

“ಯಾರೂ ಹಿಂಗ ಬರಿ ಅಂತ ಹೇಳಿರಲಿಲ್ರಿ” ಎನ್ನುತ್ತಾರೆ ಮೈಮುನಾಬಿ. “ಮಂದಿ ಸಾಹೇಬ್ರ ಹೆಸರ ಮ್ಯಾಲ ಬರ್ತಿದ್ರು. ಸಾಹೇಬ್ರು ಹೊರಗ ಪೇಷಂಟ್ ನೋಡ್ತಿದ್ರು, ಒಳಗ ನಾ ಇರ್ತಿದ್ದೆ. ಅಡಚಣಿ ಆದ್ರ ಕರೀತಿದ್ದೆ. ಇಲ್ಲಾಂದ್ರ ಕೂಸಿನ ಕೈಕಾಲ ಒರಸಿ ತೋರಸ್ತಿದ್ದೆ. ಪುಸ್ತಕದಾಗ ನನ್ನ ಹೆಸರ ಬರದ್ರ ದೊಡ್ಡಸ್ತನ ಕಾಣತೈತಿ ಅಂತ ಅವ್ರದ ಬರದೆ. ಆಮ್ಯಾಲ ರೂಢಿ ಆತು.”

ವೃಷಭ ಪುಸ್ತಕ ಮುಚ್ಚುತ್ತಾನೆ. “ಇದ್ರಾಗ ನಿಮ್ಮ ಹೆಸರ ಎಲ್ಲೂ ಇಲ್ಲ. ಅಕ್ಷರಾ ನೋಡಿ ಯಾರ ನಂಬ್ತಾರ? ಒಂದ ಕೆಲಸ ಮಾಡೂನು. ಅಪ್ಪನ ಹಳೇ ಲೆಟರ್ ಹೆಡ್ ಅದಾವ, ಸಿಕ್ಕಾ ಐತಿ. ಹಿಂದಿನ ತಾರೀಖ ಹಾಕಿ ಹನ್ನೆರಡ ವರ್ಷದ್ದ ಟೈಪ್ ಮಾಡ್ತೇನಿ. ಸಹಿ ನನಗ ಬರ್ತೈತಿ. ಸಾಲ್ಯಾಗ ಪ್ರಗತಿ ಪತ್ರಕ್ಕ ನಾನ ಮಾಡ್ಕೊಳ್ತಿದ್ದೆ.”

“ಆವಾಗನ ಕಪಾಳಕ್ಕ ಎರಡ ಹಾಕಬೇಕಾಗಿತ್ತು” ಎನ್ನುತ್ತಾರೆ ಜಿನ್ನವ್ವ.

ಮೈಮುನಾಬಿ ಚಹಾದ ಬಸಿಯನ್ನು ಕೆಳಗಿಡುತ್ತಾರೆ. ವೃಷಭ ಹೇಳಿದ ಹಾಗೆ ಆದರೆ ಶನಿವಾರದ ಕೆಲಸ ಮುಗಿದಂತೆ. ಅದರಲ್ಲಿ ಬರೆಯುವ ಮಾತು ಸುಳ್ಳೂ ಅಲ್ಲ, ಹನ್ನೆರಡು ವರ್ಷ ದುಡಿದದ್ದು ನಿಜ. ಸೆರಗಿನ ತುದಿಯನ್ನು ಮಡಿಚಿ ಬಿಚ್ಚುತ್ತಾರೆ.

“ಬ್ಯಾಡ ವೃಷಭಣ್ಣಾ. ಸಾಹೇಬ್ರ ಹೆಸರ ನಾನ ಭಾಳ ಸಲ ಬರದೇನಿ. ಇನ್ನ ನೀವೂ ಬರೀಬ್ಯಾಡ್ರಿ.”

“ಹಂಗಾದ್ರ ನನ್ನ ಕಡೆ ಬ್ಯಾರೆ ದಾರಿ ಇಲ್ಲ.”

ಈ ಹೊತ್ತಿಗೆ ಜಿನ್ನವ್ವ ಅವರೆಕಾಯಿ ಪುಟ್ಟಿ ಸರಿಸಿ, 2009ರ ಪುಸ್ತಕ ತೆಗೆದು ಪುಟ ತಿರುವುತ್ತಿದ್ದಾರೆ. ಮಾರ್ಚ್ ಎರಡರ ಸಾಲಿನ ಮೇಲೆ ಬೆರಳು ನಿಲ್ಲುತ್ತದೆ. ಯಮಕನಮರಡಿಯ ಹೆಣ್ಣುಮಗಳೊಬ್ಬಳಿಗೆ ಗಂಡು ಕೂಸು, ಮುಂಜಾನೆ ಒಂಬತ್ತಕ್ಕೆ, ಎರಡು ಕಿಲೋ ಎಂಟುನೂರು ಗ್ರಾಂ. ಮಾಡಿಸಿದವರು ಡಾ. ಬಾಪುಸಾಹೇಬ. ಜಿನ್ನವ್ವ ತಲೆ ಎತ್ತಿ ಗೋಡೆಯ ಫೋಟೋ ನೋಡುತ್ತಾರೆ. ಗಂಡ ಹೆಂಡತಿ ದೂರದ ಜೈನ ಯಾತ್ರಾಸ್ಥಳ ಶಿಖರ್ಜಿಯ ಬೆಟ್ಟದ ಮೆಟ್ಟಿಲ ಮೇಲೆ ನಿಂತ ಚಿತ್ರ. ಮೂಲೆಯಲ್ಲಿ ಕ್ಯಾಮೆರಾ ಒತ್ತಿದ ಕೇಸರಿ ಬಣ್ಣದ ತಾರೀಖು. ಅದೇ 2009ರ ಮಾರ್ಚ್ ಎರಡು.

“ಅವತ್ತ ಇವ್ರು ಬೆಟ್ಟಾ ಹತ್ತಿ ಕಾಲ ಬಾತ ಕುಂತಿದ್ರು. ನಾ ಎಣ್ಣಿ ಹಚ್ಚಾಕತ್ತಿದ್ದೆ. ಇಲ್ಲಿ ಹೆಂಗ ಹೆರಿಗಿ ಮಾಡ್ಸಿದ್ರು?”

ಯಾತ್ರೆಗೆ ಹೋಗಿಬಂದದ್ದು ಹತ್ತೊಂಬತ್ತು ದಿನ. ಕಷ್ಟದ ಹೆರಿಗೆ ಬಂದರೆ ಬೆಳಗಾವಿಗೆ ಕಳಿಸು ಎಂದು ಹೇಳಿ ಡಾಕ್ಟರು ಹೋಗಿದ್ದರು. ಮೈಮುನಾಬಿ ಇಬ್ಬರನ್ನು ಕಳಿಸಿದ್ದರು. ಉಳಿದವರ ಸಾಲುಗಳನ್ನು ಜಿನ್ನವ್ವ ಬೆರಳಿಟ್ಟು ಎಣಿಸುತ್ತಾರೆ. ಹದಿನಾಲ್ಕು.

“ಅವ್ವಾ, ಅದನ್ನ ಮುಚ್ಚ” ಎನ್ನುತ್ತಾನೆ ವೃಷಭ. “ಡಾಕ್ಟರ್ ಇಲ್ಲದಾಗ ನರ್ಸ ಹೆರಿಗಿ ಮಾಡ್ಸಿದ್ಲು ಅಂತ ನಾವ ಬರದ ಕೊಟ್ರ ಅಪ್ಪನ ಹೆಸರ ಏನಾಕ್ಕೈತಿ? ನಾಳೆ ಯಾರರ ಕೇಳಿದ್ರ?”

“ಹದಿನಾಕೂ ತಾಯಿ ಮಕ್ಕಳ ನೆಟ್ಟಗ ಮನಿಗೆ ಹೋಗ್ಯಾರ. ಕೇಳಾವ್ರ ಏನ ಕೇಳ್ತಾರ?” ಜಿನ್ನವ್ವ ಮೈಮುನಾಬಿಯ ಕಡೆ ತಿರುಗುತ್ತಾರೆ. “ಖರೆ ಹೇಳ. ಉಳಿದ ದಿನದ್ದೂ ನಿಂದನ ಏನ?”

“ಅವ್ರು ಮಾಡ್ಸಿದ್ದೂ ಅದಾವ್ರಿ ಬಾಯಾರ, ನಾ ಮಾಡ್ಸಿದ್ದೂ ಅದಾವ. ನನ್ನವು ಸಾವಿರದ ಮ್ಯಾಲ ಅದಾವ. ಬ್ಯಾರೆ ಗುರುತ ಹಾಕಿಲ್ಲ.”

“ನಾ ಒಳಗ ಬರ್ತಿದ್ದಿಲ್ಲ, ನೋಡಿಲ್ಲ. ನೋಡಲಾರದ್ದ ಬರಿಯೂದಿಲ್ಲ. ಈ ಹತ್ತೊಂಬತ್ತ ದಿನದ್ದ ನನಗ ಗೊತ್ತೈತಿ.”

ಮೊಮ್ಮಗಳ ನೋಟ್‌ಬುಕ್ಕಿನ ಹಾಳೆಯೊಂದರ ಮೇಲೆ ಜಿನ್ನವ್ವ ಬರೆಯುತ್ತಾರೆ. ಮೈಮುನಾಬಿ ನಮ್ಮ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಕೆಲಸಕ್ಕಿದ್ದಳು. ನಾನೂ ನನ್ನ ಯಜಮಾನರೂ ಶಿಖರ್ಜಿ ಯಾತ್ರೆಗೆ ಹೋದಾಗ ಹದಿನಾಲ್ಕು ಹೆರಿಗೆಗಳನ್ನು ಇವಳೇ ಮಾಡಿಸಿದ್ದಾಳೆ. ಪುಸ್ತಕದಲ್ಲಿ ನನ್ನ ಯಜಮಾನರ ಹೆಸರಿದ್ದರೂ ಮಾಡಿಸಿದವಳು ಇವಳು. ಕೆಳಗೆ ಸಹಿ. ವೃಷಭ ಅಂಗಡಿಗೆ ಎದ್ದು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಆ ಹದಿನಾಲ್ಕು ಸಾಲುಗಳಿದ್ದ ಪುಟಗಳ ಝೆರಾಕ್ಸ್ ತಾನೇ ಮಾಡಿಸಿಕೊಂಡು ಬಂದು ಪತ್ರದ ಹಿಂದೆ ಪಿನ್ ಹಚ್ಚುತ್ತಾನೆ.

ಎರಡು ದಿನ ರಜೆ ಹಾಕಿ ಶನಿವಾರ ಬೆಳಗಾವಿಗೆ ಹೋಗುತ್ತಾರೆ; ಕಚೇರಿಯಲ್ಲಿ ಕೆಲಸ ಹತ್ತು ನಿಮಿಷದ್ದು. ಕುರ್ಚಿಯಲ್ಲಿದ್ದವರು ಪತ್ರವನ್ನು ಎರಡು ಸಲ ಓದುತ್ತಾರೆ, ಝೆರಾಕ್ಸ್ ನೋಡುತ್ತಾರೆ, ಮರ್ಯಾದೆಯಿಂದಲೇ ಮಾತಾಡುತ್ತಾರೆ. ಡಾಕ್ಟರರ ಸಹಿ ಇಲ್ಲ, ನೋಂದಣಿ ಸಂಖ್ಯೆ ಇಲ್ಲ, ಇದನ್ನು ಅನುಭವ ಎಂದು ಹಿಡಿಯಲು ಬರುವುದಿಲ್ಲ. ಬೇಕಾದರೆ ಹೊಸಬರ ದರದಲ್ಲಿ ಸೇರಬಹುದು: ಹದಿನೈದು ಸಾವಿರ, ಮೂರು ಪಾಳಿ. ಸಂಜೆಪಾಳಿ ಮುಗಿಯುವ ರಾತ್ರಿ ಹೊತ್ತಿಗೆ ಯಮಕನಮರಡಿಗೆ ಬಸ್ಸಿಲ್ಲ. ಬೆಳಗಾವಿಯಲ್ಲಿ ಖೋಲಿ ಹಿಡಿದರೆ ಬಾಡಿಗೆ ನಾಲ್ಕು ಸಾವಿರ. ಮೈಮುನಾಬಿ ಅಲ್ಲಿಯೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕಿ, ಪತ್ರ ವಾಪಸ್ ಕೇಳಿ ಇಸಿದುಕೊಳ್ಳುತ್ತಾರೆ.

ಸೋಮವಾರ ಮತ್ತೆ ಗೋಕಾಕ. ಉದ್ದವ್ವ ಮನೆಗೆ ಹೋಗಿದ್ದಾಳೆ, ಮೂರನೆಯ ಹಾಸಿಗೆಗೆ ಬೇರೆಯವರು ಬಂದಿದ್ದಾರೆ. ಔಷಧದ ಕಪಾಟಿನ ಎದುರು ಗುಳಿಗೆ ಹಂಚಿಡುತ್ತ ಮೇಘಾ ಎಲ್ಲ ವಿವರ ಕೇಳಿಕೊಳ್ಳುತ್ತಾಳೆ. ಪತ್ರ ಎಲ್ಲಿ ಎನ್ನುತ್ತಾಳೆ. ಮೈಮುನಾಬಿ ಬ್ಯಾಗಿನಿಂದ ತೆಗೆದು ತೋರಿಸುತ್ತಾರೆ. ಭಾನುವಾರ ನಬಿಲಾಲ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದಿದ್ದಾರೆ.

“ಕೆಲಸಕ್ಕ ಬರಲಾರದ ಕಾಗದಕ್ಕ ಪ್ಲಾಸ್ಟಿಕ್ ಯಾಕ್ರಿ ಸಿಸ್ಟರ್?” ಮೇಘಾ ಓದಿ ಮುಗಿಸಿ ನಗುತ್ತಾಳೆ. “ಅದೂ ಸಾವಿರದಾಗ ಹದಿನಾಕ. ನಾ ಆಗಿದ್ರ ಅಲ್ಲೇ ಹರದ ಒಗೀತಿದ್ದೆ.”

ಮೈಮುನಾಬಿ ಪತ್ರವನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತಾರೆ.

“ಸಾವಿರ ಅನ್ನಾಕಿ ನಾ ಒಬ್ಬಾಕಿನ ಇದ್ದೆ. ಹದಿನಾಕ ಅಂತ ಬರದ ಕೊಟ್ಟವ್ರು ಸಾಹೇಬ್ರ ಮನ್ಯಾವ್ರು. ಹದಿನಾಕ ಭಾಳ ಆದ್ವು ತಗೋ.”