ಬೀರಲಿಂಗಪ್ಪ ಸಾಕಿದ ಮೀನು

ಬೀರಲಿಂಗಪ್ಪ ನನ್ನ ಗಂಡನ ತಮ್ಮ. ಯಾರೇ ಎದುರಾದರೂ ಅವರು ಉಂಡಿದ್ದಾರೋ ಇಲ್ಲವೋ ಎಂದು ಮೊದಲು ಮುಖ ನೋಡುವ ಮನುಷ್ಯ. ಭೀಮಾ ನದಿಯಲ್ಲಿ ಬಲೆ ಬೀಸಿ ಬೀಸಿ ಭುಜ ಸೋತ ಮೇಲೆ, ನೆಲೋಗಿ ಕಡೆಯ ನಮ್ಮೂರ ಕೆರೆಯನ್ನು ಗುತ್ತಿಗೆ ಹಿಡಿದು ಮೀನುಮರಿ ಬಿಟ್ಟ. ಅವು ದೊಡ್ಡವಾದರೆ ಮತ್ತೆ ನದಿಗೆ ಇಳಿಯಬೇಕಾಗಿಲ್ಲ ಎಂಬುದೊಂದೇ ಅವನ ಆಸೆ.

ಕೆರೆಗೆ ಸೆಗಣಿ ಹಾಕಿದರೆ ನೀರು ಹಸಿರಾಗುತ್ತದೆ, ಆ ಹಸಿರನ್ನು ಮೀನು ತಿನ್ನುತ್ತವೆ. ಇದು ಸುಳ್ಳಲ್ಲ. ಆದರೆ ಅವನ ಕೈಗೆ ಸಾಕು ಎಂಬುದು ತಿಳಿಯದು. ಬುಟ್ಟಿಗಟ್ಟಲೆ ಸೆಗಣಿ, ಶೇಂಗಾ ಹಿಂಡಿ, ಮದುವೆ ಮನೆಗಳಲ್ಲಿ ಉಳಿದ ಅನ್ನ, ಎಲ್ಲ ಕೆರೆಗೆ.

“ಮೀನಿಗಿ ಹಿಂಡಿ, ನನಗ ತಂಗಳ ರೊಟ್ಟಿ,” ಎಂದು ಅವನ ಹೆಂಡತಿ ಶರಣಬಸಮ್ಮ ಹಂಗಿಸುವಳು. “ನಾನೂ ಆ ಕೆರ್ಯಾಗೇ ಇರ್ತೇನಿ ತಗೊ.”

“ನೀ ಇಳದ್ರ ನೀರೆಲ್ಲ ಹೊರಗ ಬರ್ತಾವ ಬೇ!”

ನೀರು ಹಸಿರು ಅಂಬಲಿಯಂತಾಯಿತು. ತಿನ್ನದೆ ಉಳಿದದ್ದು ತಳಕ್ಕಿಳಿದು ಕರಿ ಕೆಸರಾಯಿತು. ಕಾಲಿಟ್ಟರೆ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ನಾತ.

ಶ್ರಾವಣದಲ್ಲಿ ಬಿಸಿಲು ಕಾಣದೆ, ಗಾಳಿ ಆಡದೆ ಮೋಡ ಕವಿದು ನಿಂತಿತು. ಒಂದು ಮುಂಜಾನೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಬೀರಲಿಂಗಪ್ಪ ನಮ್ಮ ಮನೆಗೆ ಓಡಿ ಬಂದ.

“ವೈನಿ, ಹಸದಾವ್ರಿ! ಬಾಯಿ ಬಿಡಾಕತ್ತಾವ. ನಿಮ್ಮ ಕೊಟ್ಟಿಗ್ಯಾಗಿನ ಸೆಗಣಿ ಕೊಡ್ರಿ.”

ಬುಟ್ಟಿ ತುಂಬಿಸಿಕೊಂಡು ಹೋಗಿ ಸುರಿದ. ಮರುದಿನ ಬೆಳಕು ಹರಿದಾಗ ಕೆರೆಯ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು.

ಮರಿ ಮಾರಿದ್ದ ಜಾವೀದ ಅಫಜಲಪುರದಿಂದ ಬಂದ. ತಳದ ಕೆಸರು ಎತ್ತಿ ಮೂಸಿ ನೋಡಿದ.

“ಕಾಕಾ, ಅವು ಹಸಿದಿದ್ದಿಲ್ರಿ. ತಳದಾಗ ಕೊಳಿಯೋದು ನೀರಾಗಿನ ಉಸಿರೆಲ್ಲ ತಿಂತದ. ಉಸಿರಿಗಿ ಮ್ಯಾಲ ಬಂದಿದ್ವು.”

“ಅಂದ್ರ ನಾ ಹಾಕಿದ್ದೇ...”

ಜಾವೀದ ಟವೆಲಿಗೆ ಕೈ ಒರೆಸಿಕೊಂಡ.

ಬೇಸಿಗೆಯಲ್ಲಿ ಕೆರೆ ಬತ್ತಿತು. ಊರವರು ಆ ಕರಿ ಹೂಳನ್ನು ಹೊಲಗಳಿಗೆ ಹೇರಿದರು, ನಾವೂ ಹೇರಿದೆವು. ಮುಂದಿನ ಹಿಂಗಾರಿಯಲ್ಲಿ ಜೋಳ ಆಳೆತ್ತರ ಬಂತು. ಹೊಸ ಜೋಳದ ರೊಟ್ಟಿ ತಟ್ಟಿ ಅವನನ್ನು ಊಟಕ್ಕೆ ಕರೆದೆ. ತಾಟಿನ ಮುಂದೆ ಕೂತ. ರೊಟ್ಟಿ ಮುರಿದ. ಮುರಿದದ್ದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದು, ತಿರುಗಿ ತಾಟಿಗೆ ಇಟ್ಟ.

“ಹೊಟ್ಟಿ ತುಂಬ್ಯದರಿ ವೈನಿ,” ಎಂದ.